ಅಳತೆ ಎಲ್ಲಿಂದ ಶುರು ಅಂತ ನಕ್ಷೆಯಲ್ಲೇ ಬರೆಯಿರಿ: ಗಡಿನಾಡಿನಿಂದ ಒಂದು ಬಹಿರಂಗ ಪತ್ರ

ಕೇರಳ ಮತ್ತು ಕರ್ನಾಟಕದ ಕಂದಾಯ ಸಚಿವರಿಗೆ, ಎರಡೂ ರಾಜ್ಯಗಳ ಸರ್ವೆ ಇಲಾಖೆಯ ಮುಖ್ಯಸ್ಥರಿಗೆ, ಡೆಹ್ರಾಡೂನಿನ ಸರ್ವೆ ಆಫ್ ಇಂಡಿಯಾದವರಿಗೆ,

ಮಾನ್ಯರೇ, ನಮಸ್ಕಾರ.

ನಾನು ಮಂಜೇಶ್ವರ ತಾಲೂಕಿನವ. ಕನ್ನಡ ಮಾಧ್ಯಮ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತನಾಗಿದ್ದೇನೆ, ಈಗ ಸ್ವಲ್ಪ ಕಂಗಿನ (ಅಡಿಕೆ) ತೋಟ ನೋಡಿಕೊಂಡಿದ್ದೇನೆ. ನನ್ನ ಸ್ವಂತ ಜಾಗದ ತಕರಾರು ಹೇಳಿಕೊಳ್ಳಲು ಈ ಪತ್ರ ಬರೆಯುತ್ತಿಲ್ಲ. ಗಡಿಯ ಎರಡೂ ಕಡೆ ಈಗ ಹೊಸ ಸರ್ವೆ ನಡೆಯುತ್ತಿದೆ. ಇನ್ನು ಐವತ್ತು ವರ್ಷ ನಮ್ಮ ಮಕ್ಕಳು, ಮೊಮ್ಮಕ್ಕಳು ಆ ನಕ್ಷೆಗಳನ್ನೇ ಹಿಡಿದುಕೊಂಡು ಓಡಾಡಬೇಕು. ಆ ನಕ್ಷೆಯಲ್ಲಿರುವ ಅಂಕಿಗಳು ಎಲ್ಲಿಂದ ಅಳೆದದ್ದು, ಯಾವ ದಿನದ ಲೆಕ್ಕದ್ದು ಎಂಬುದನ್ನು ನಕ್ಷೆಯ ಮೇಲೆಯೇ ಬರೆಯಿರಿ, ಎರಡೂ ರಾಜ್ಯಗಳ ಅಳತೆ ಇಡೀ ಜಗತ್ತು ಒಪ್ಪಿದ ಒಂದೇ ಚೌಕಟ್ಟಿಗೆ ಗಟ್ಟಿಯಾಗಿ ಸೇರಿರಲಿ ಅಂತ ಕೇಳುವುದಕ್ಕೆ ಇಷ್ಟು ಬರೆಯುತ್ತಿದ್ದೇನೆ.

ಕೇರಳದಲ್ಲಿ ಡಿಜಿಟಲ್ ಸರ್ವೆ 2022ರ ನವೆಂಬರ್ 1ರಂದು ಶುರುವಾಯಿತು. ಊರೂರಲ್ಲಿ ಸರ್ವೆ ಸಭೆ ನಡೆಯಿತು. ಜಾಗದ ದಾಖಲೆಗಳ 'ಎಂಟೆ ಭೂಮಿ' ಪೋರ್ಟಲ್ 2024ರಲ್ಲಿ ಮೊದಲು ಜಾರಿಗೆ ಬಂದದ್ದು ನಮ್ಮದೇ ತಾಲೂಕಿನ ಉಜಾರ್ ಉಳುವಾರ್ ಗ್ರಾಮದಲ್ಲಿ. ಗಡಿ ದಾಟಿದರೆ ಉಳ್ಳಾಲ, ಬಂಟ್ವಾಳ, ಪುತ್ತೂರು, ಸುಳ್ಯ. ಆ ಕಡೆಯ ಸರ್ವೆಯವರ ಕೈಗೂ ರೋವರ್, ಅಂದರೆ ಉಪಗ್ರಹದ ಸಿಗ್ನಲ್ ಹಿಡಿದು ಜಾಗ ಅಳೆಯುವ ಉಪಕರಣ, ಬಂದಿದೆ. ಚೈನು ಎಳೆದು ಅಳೆಯುವ ಕಾಲ ಹೋಯಿತು. ಇದು ಒಳ್ಳೆಯ ಕೆಲಸ. ಮದ್ರಾಸ್ ಪ್ರಾಂತ್ಯದ ಕಾಲದ ಸ್ಕೆಚ್ಚುಗಳನ್ನು ಹಿಡಿದುಕೊಂಡು, ಎಲ್ಲೋ ಹೂತುಹೋದ ಸರ್ವೆ ಕಲ್ಲು ಹುಡುಕಿ ಸೋತ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಹೊಸ ಅಳತೆ ಬರಲಿ ಅಂತ ಆಸೆಪಟ್ಟವರಲ್ಲಿ ನಾನೂ ಒಬ್ಬ.

ಸರ್ವೆಯವರು ಕಂಗಿನ ತೋಟಕ್ಕೆ ಬಂದಾಗ ತಾವು ಒಮ್ಮೆ ಜೊತೆಗೆ ನಿಂತು ನೋಡಬೇಕು. ಉದ್ದದ ಕೋಲು, ಅದರ ತಲೆಯಲ್ಲಿ ದುಂಡಗಿನ ರಿಸೀವರ್. ಕೋಲಿನ ಚೂಪು ತುದಿಯನ್ನು ಹಳೇ ಕಲ್ಲಿನ ಮೇಲೆ ಊರಿ, ಕೋಲಿಗೆ ಕಟ್ಟಿದ ಪುಟ್ಟ ಮಟ್ಟದ ಗುಳ್ಳೆ ನಡುವಿಗೆ ಬರುವವರೆಗೆ ಅಲುಗಾಡಿಸದೆ ಹಿಡಿಯಬೇಕು. ಕೈಯಲ್ಲಿರುವ ಪರದೆಯಲ್ಲಿ ಮೊದಲು 'ಫ್ಲೋಟ್' ಅಂತ ಬರುತ್ತದೆ. 'ಫಿಕ್ಸ್' ಅಂತ ಬರುವವರೆಗೆ ಎಲ್ಲರೂ ಕಾಯುತ್ತಾರೆ. ಮೇಲೆ ಕಂಗಿನ ಸೋಗೆ ಆಕಾಶವನ್ನೇ ಮುಚ್ಚಿರುತ್ತದೆ. "ಫಿಕ್ಸ್ ಸಿಗ್ತಾ ಇಲ್ಲ, ಗುಡ್ಡೆ ಕಡೆ ಹೋಗಿ ನೋಡುವ" ಅನ್ನುತ್ತಾರೆ. ಬಯಲು ಸಿಕ್ಕಲ್ಲಿ ಒಂದು ಬಿಂದು ಹಿಡಿದು, ಅಲ್ಲಿಂದ ಟೋಟಲ್ ಸ್ಟೇಷನ್ (ಕೋನ, ದೂರ ಅಳೆಯುವ ಯಂತ್ರ) ಇಟ್ಟು ತೋಟದ ಒಳಗಿನ ಕಲ್ಲುಗಳನ್ನು ಅಳೆಯುತ್ತಾರೆ. ಮಳೆ ಬಂದರೆ ಕೊಡೆ ಹಿಡಿದುಕೊಂಡು ನಿಲ್ಲುತ್ತಾರೆ, ಜಿಗಣೆ ಕಚ್ಚಿಸಿಕೊಳ್ಳುತ್ತಾರೆ. ಅವರ ಶ್ರಮದ ಬಗ್ಗೆ ನನಗೆ ತುಂಬ ಗೌರವವಿದೆ.

'ಫಿಕ್ಸ್' ಬಂತು ಅಂದರೆ ಆ ಕಲ್ಲಿನ ಜಾಗ ಕೆಲವು ಸೆಂಟಿಮೀಟರಿನ ಒಳಗೆ ಗೊತ್ತಾಯಿತು ಅಂತ ಅರ್ಥ. ಯಾವುದಕ್ಕೆ ಹೋಲಿಸಿ ಗೊತ್ತಾಯಿತು? ಇದಕ್ಕೆ ಉತ್ತರ ಕೋರ್ಸ್ (CORS) ಸ್ಟೇಷನ್. ಯಾವುದೋ ಕಟ್ಟಡದ ಮೇಲೆ ಕದಲದ ಹಾಗೆ ಕೂರಿಸಿದ, ಹಗಲು ರಾತ್ರಿ ಉಪಗ್ರಹಗಳ ಸಿಗ್ನಲ್ ಕೇಳುತ್ತಿರುವ ರಿಸೀವರ್ ಅದು. ಕೇರಳ ಇಂಥ 28 ಸ್ಟೇಷನ್‌ಗಳನ್ನು ಸರ್ವೆಗಾಗಿ ಹಾಕಿದೆ. ದೇಶದ ಉಳಿದ ಕಡೆ ಸರ್ವೆ ಆಫ್ ಇಂಡಿಯಾದ ಜಾಲ ಇದೆ. ಈ ಸ್ಟೇಷನ್‌ಗೆ ತನ್ನ ಜಾಗ ಎಲ್ಲಿ ಅಂತ ಮೊದಲೇ ಗೊತ್ತು. ಉಪಗ್ರಹದ ಲೆಕ್ಕದಲ್ಲಿ ಈ ಕ್ಷಣ ಎಷ್ಟು ತಪ್ಪಿದೆ ಅಂತ ಕಂಡುಹಿಡಿದು, ಮೊಬೈಲ್ ನೆಟ್‌ವರ್ಕ್ ಮೂಲಕ ತೋಟದಲ್ಲಿರುವ ರೋವರಿಗೆ ತಿದ್ದುಪಡಿ ಕಳಿಸುತ್ತದೆ. ಹಾಗಾದರೆ ಸ್ಟೇಷನ್‌ಗೆ ತನ್ನ ಜಾಗ ಗೊತ್ತಾದದ್ದು ಹೇಗೆ? ನಮ್ಮ ತೋಟದ ಕಲ್ಲಿನ ಪ್ರಶ್ನೆ ಅಲ್ಲಿಂದ ಮುಂದೆ ಕೇರಳವನ್ನೂ ಭಾರತವನ್ನೂ ದಾಟಿ ಹೋಗುತ್ತದೆ.

ಹಿಂದೆ ಪ್ರತಿ ದೇಶಕ್ಕೂ ತನ್ನದೇ ಚೌಕಟ್ಟು ಇತ್ತು. ನಮ್ಮಲ್ಲಿ ವಿಲಿಯಂ ಲ್ಯಾಂಬ್ಟನ್ 1802ರ ಏಪ್ರಿಲ್‌ನಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಹತ್ತಿರ ನೆಲದ ಮೇಲೆ ಗೆರೆ ಅಳೆದು ತ್ರಿಕೋನಗಳ ಸರ್ವೆ ಶುರುಮಾಡಿದರು. ತ್ರಿಕೋನದ ಮೇಲೆ ತ್ರಿಕೋನ ಕಟ್ಟುತ್ತಾ ಬೆಂಗಳೂರು ದಾಟಿ ಮಂಗಳೂರು ಕರಾವಳಿಯವರೆಗೆ ಬಂದರು. ಮದ್ರಾಸಿನಿಂದ ಇಲ್ಲಿಯ ಕಡಲಿಗೆ 400 ಮೈಲು ಅಂತ ನಕ್ಷೆಗಳು ಹೇಳುತ್ತಿದ್ದವು. ಅಳೆದು ನೋಡಿದರೆ ಬರೀ 360 ಮೈಲು. ಮುಂದೆ ಜಾರ್ಜ್ ಎವರೆಸ್ಟ್ 1830ರಲ್ಲಿ ಭೂಮಿಯ ಆಕಾರಕ್ಕೆ ಒಂದು ಲೆಕ್ಕ ಕೊಟ್ಟರು. ಅದು ಭಾರತದ ನೆಲಕ್ಕೆ ಚೆನ್ನಾಗಿ ಹೊಂದುವಂತೆ ಮಾಡಿದ ಲೆಕ್ಕ. ಅದರ ಕೇಂದ್ರ ಭೂಮಿಯ ನಿಜವಾದ ಕೇಂದ್ರದಿಂದ ಸುಮಾರು 800 ಮೀಟರ್ ದೂರ ಬೀಳುತ್ತದೆ. ಆ ಕಾಲಕ್ಕೆ ಅದರಿಂದ ತೊಂದರೆ ಇರಲಿಲ್ಲ. ಭಾರತದ ಒಳಗೆ ಎಲ್ಲ ಅಳತೆಯೂ ಒಂದಕ್ಕೊಂದು ಹೊಂದುತ್ತಿತ್ತು. ಜಪಾನ್, ಜರ್ಮನಿ, ಅಮೆರಿಕ ಎಲ್ಲರೂ ಹೀಗೇ ತಮ್ಮ ತಮ್ಮ ನೆಲಕ್ಕೆ ಹೊಂದುವ ಲೆಕ್ಕ ಮಾಡಿಕೊಂಡಿದ್ದರು.

ತೊಂದರೆ ಶುರುವಾದದ್ದು ಉಪಗ್ರಹ ಬಂದ ಮೇಲೆ. ಉಪಗ್ರಹಕ್ಕೆ ಭಾರತ, ಜಪಾನ್ ಅಂತ ಇಲ್ಲ. ಅದು ಭೂಮಿಯ ನಿಜವಾದ ಕೇಂದ್ರವನ್ನು ಸುತ್ತುತ್ತದೆ. ಹಳೇ ಎವರೆಸ್ಟ್ ಲೆಕ್ಕದ ಅಕ್ಷಾಂಶ ರೇಖಾಂಶವನ್ನು ತಿದ್ದದೆ ಹಾಗೇ ಇವತ್ತಿನ ಜಿಪಿಎಸ್‌ಗೆ ಹಾಕಿದರೆ ನಮ್ಮ ಕಾಸರಗೋಡಿನಲ್ಲಿ ನೂರು ಮೀಟರಿಗಿಂತ ಜಾಸ್ತಿ ಆಚೆ ಹೋಗಿ ನಿಲ್ಲುತ್ತೇವೆ. ತಲಪಾಡಿಯ ಹತ್ತಿರ ನೂರು ಮೀಟರ್ ಅಂದರೆ ರಾಜ್ಯವೇ ಬದಲಾಗಬಹುದು, ಅಲ್ವಾ?

ಇದಕ್ಕೇ ಜಗತ್ತಿನ ವಿಜ್ಞಾನಿಗಳು ಸೇರಿ ಒಂದು ಸಾಮಾನ್ಯ ಚೌಕಟ್ಟು ಕಟ್ಟಿದ್ದಾರೆ. ಅದರ ಹೆಸರು ಐಟಿಆರ್‌ಎಫ್. ಈಗಿನ ಆವೃತ್ತಿ ಐಟಿಆರ್‌ಎಫ್2020, ಹೊರಬಂದದ್ದು 2022ರಲ್ಲಿ. ಭೂಮಿಯ ದ್ರವ್ಯರಾಶಿಯ ಕೇಂದ್ರವೇ ಅದರ ಸೊನ್ನೆ. ಅಮೆರಿಕದ ಜಿಪಿಎಸ್, ರಷ್ಯಾದ ಗ್ಲೋನಾಸ್, ಯುರೋಪಿನ ಗೆಲಿಲಿಯೋ, ಚೀನಾದ ಬೈದು ಇವೆಲ್ಲ ತಮ್ಮ ತಮ್ಮ ಲೆಕ್ಕವನ್ನು ಇದಕ್ಕೆ ಹೊಂದಿಸಿಕೊಂಡೇ ನಡೆಯುತ್ತಿವೆ. ರಾಜಕೀಯದಲ್ಲಿ ಒಬ್ಬರ ಮುಖ ಒಬ್ಬರು ನೋಡದ ದೇಶಗಳೂ ಭೂಮಿಯ ಕೇಂದ್ರ ಎಲ್ಲಿ ಎಂಬ ವಿಷಯದಲ್ಲಿ ಒಂದೇ ಮಾತಿಗೆ ಬಂದಿವೆ. ನನಗೆ ಇದು ದೊಡ್ಡ ಸಾಧನೆ ಅನ್ನಿಸುತ್ತದೆ. ಒಂದೇ ಮೊಬೈಲ್ ಈ ನಾಲ್ಕರ ಜೊತೆಗೆ ನಮ್ಮ ಇಸ್ರೋದ ನಾವಿಕ್ ಉಪಗ್ರಹಗಳ ಸಿಗ್ನಲನ್ನೂ ಸೇರಿಸಿ ಲೆಕ್ಕ ಮಾಡಲು ಆಗುವುದು ಈ ಒಪ್ಪಂದದಿಂದಲೇ. ಮಂಜೇಶ್ವರ ಬಂದರಿನ ಬೋಟಿನವರು ಕಡಲೊಳಗೆ ಬಲೆ ಸಿಕ್ಕಿಕೊಳ್ಳುವ ಕಲ್ಲುಗಳ ಜಾಗವನ್ನು ಜಿಪಿಎಸ್‌ನಲ್ಲಿ ಗುರುತು ಹಾಕಿ ಇನ್ನೊಂದು ಬೋಟಿನವರಿಗೆ ಹೇಳುತ್ತಾರೆ. ಮಲ್ಪೆಯ ಬೋಟಿಗೂ ಬೇಪೂರಿನ ಬೋಟಿಗೂ ಆ ಅಂಕಿ ಒಂದೇ ಜಾಗವನ್ನು ತೋರಿಸುತ್ತದೆ.

ಈ ಚೌಕಟ್ಟನ್ನು ಹೇಗೆ ಕಟ್ಟುತ್ತಾರೆ ಎಂದು ನಮ್ಮ ಮಕ್ಕಳಿಗೆ ಯಾರೂ ಹೇಳಿಕೊಡುವುದಿಲ್ಲ, ಹಾಗಾಗಿ ಇಲ್ಲಿ ಸ್ವಲ್ಪ ಹೇಳುತ್ತೇನೆ. ಕೋಟ್ಯಂತರ ಜ್ಯೋತಿರ್ವರ್ಷ ದೂರದಲ್ಲಿ ಕ್ವೇಸಾರ್ ಎಂಬ ಕಾಯಗಳಿವೆ. ಅಷ್ಟು ದೂರ ಇರುವುದರಿಂದ ನಮ್ಮ ಕಣ್ಣಿಗೆ ಅವು ಅಲುಗಾಡುವುದೇ ಇಲ್ಲ. ಬೇರೆ ಬೇರೆ ಖಂಡಗಳಲ್ಲಿರುವ ರೇಡಿಯೋ ದೂರದರ್ಶಕಗಳು ಒಂದೇ ಕ್ವೇಸಾರ್ ಕಡೆ ತಿರುಗಿ ಕಿವಿಗೊಡುತ್ತವೆ. ಅದೇ ಸಿಗ್ನಲ್ ಒಂದಕ್ಕೆ ಸ್ವಲ್ಪ ಮೊದಲು, ಇನ್ನೊಂದಕ್ಕೆ ಸ್ವಲ್ಪ ಆಮೇಲೆ ಮುಟ್ಟುತ್ತದೆ. ಆ ಸಮಯದ ವ್ಯತ್ಯಾಸದಿಂದ ಎರಡು ದೂರದರ್ಶಕಗಳ ನಡುವಿನ ಅಂತರ ಮಿಲಿಮೀಟರುಗಳ ಲೆಕ್ಕದಲ್ಲಿ ಸಿಗುತ್ತದೆ. ಭೂಮಿ ಎಷ್ಟು ಬೇಗ ತಿರುಗುತ್ತಿದೆ ಎಂಬುದೂ ಸಿಗುತ್ತದೆ. ಭೂಮಿಯ ತಿರುಗುವಿಕೆ ಮಿಲಿಸೆಕೆಂಡಿನ ಲೆಕ್ಕದಲ್ಲಿ ಹೆಚ್ಚು ಕಡಿಮೆ ಆಗುತ್ತಲೇ ಇರುತ್ತದೆ. ಒಂದು ಮಿಲಿಸೆಕೆಂಡ್ ತಪ್ಪಿದರೆ ಭೂಮಧ್ಯ ರೇಖೆಯಲ್ಲಿ ಸುಮಾರು 46 ಸೆಂಟಿಮೀಟರ್ ತಪ್ಪಿದ ಹಾಗೆ. ಇನ್ನು ಭೂಮಿಯ ಕೇಂದ್ರ ಹಿಡಿಯುವುದಕ್ಕೆ ಲೇಸರ್ ಬೇಕು. ಲ್ಯಾಜಿಯೋಸ್ ಎಂಬ ಉಪಗ್ರಹ 1976ರಲ್ಲಿ ಹೋದದ್ದು, ಈಗಲೂ ಸುತ್ತುತ್ತಿದೆ. ಅದೊಂದು ಭಾರದ ಲೋಹದ ಗೋಳ, ಮೈತುಂಬ ಬೆಳಕನ್ನು ಬಂದ ದಾರಿಗೇ ತಿರುಗಿಸುವ ಗಾಜುಗಳು. ನೆಲದಿಂದ ಲೇಸರ್ ಬಿಟ್ಟು, ಬೆಳಕು ಹೋಗಿ ಬರಲು ಹಿಡಿದ ಸಮಯ ಅಳೆದು, ಅದರ ದಾರಿಯನ್ನೂ ಅದು ಸುತ್ತುವ ಕೇಂದ್ರವನ್ನೂ ಲೆಕ್ಕ ಹಾಕುತ್ತಾರೆ. ಇದರ ಜೊತೆಗೆ ಜಿಪಿಎಸ್‌ನಂಥ ಉಪಗ್ರಹಗಳನ್ನು ಸದಾ ಕೇಳುವ ನೆಲದ ಸ್ಟೇಷನ್‌ಗಳು, ಫ್ರಾನ್ಸ್ ಶುರುಮಾಡಿದ ಡೋರಿಸ್ ಎಂಬ ರೇಡಿಯೋ ವ್ಯವಸ್ಥೆ. ಈ ನಾಲ್ಕನ್ನೂ ಸೇರಿಸಿದಾಗ ಚೌಕಟ್ಟು ಸಿಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ, ಹೈದರಾಬಾದಿನ ಭೂಭೌತ ವಿಜ್ಞಾನ ಸಂಸ್ಥೆ ಎನ್‌ಜಿಆರ್‌ಐಯಲ್ಲಿ ಈ ಜಾಗತಿಕ ಜಾಲದ ಸ್ಟೇಷನ್‌ಗಳಿವೆ.

ಇಷ್ಟಾದರೂ ಕೆಲಸ ಮುಗಿಯುವುದಿಲ್ಲ, ಯಾಕೆಂದರೆ ನೆಲ ಸುಮ್ನೆ ಕೂತಿಲ್ಲ. ನಮ್ಮ ಭಾರತದ ಭೂಫಲಕ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಈಶಾನ್ಯಕ್ಕೆ ಸರಿಯುತ್ತಿದೆ. ನಮ್ಮ ಮನೆ, ತೋಟ, ಮಧೂರು ದೇವಸ್ಥಾನ, ಬೇಕಲ ಕೋಟೆ, ಎಲ್ಲವೂ ಒಟ್ಟಿಗೇ ಹೋಗುವುದರಿಂದ ನಮಗೆ ಗೊತ್ತಾಗುವುದಿಲ್ಲ. ಜಾಗತಿಕ ಚೌಕಟ್ಟಿನ ಅಂಕಿಯಲ್ಲಿ ಮಾತ್ರ ಗೊತ್ತಾಗುತ್ತದೆ. ಇಪ್ಪತ್ತು ವರ್ಷಕ್ಕೆ ಒಂದು ಮೀಟರ್. ಈಗ ಒಂದು ಲೆಕ್ಕ ಮಾಡುವ. ನೂರು ಮೀಟರ್ ಉದ್ದದ ಬೇಲಿ. ಒಂದು ನಕ್ಷೆಯಲ್ಲಿ ಅದರ ಅಂಕಿ ಇಪ್ಪತ್ತು ವರ್ಷ ಹಿಂದಿನ ದಿನಾಂಕದ್ದು, ಪಕ್ಕದ ನಕ್ಷೆಯಲ್ಲಿ ಇವತ್ತಿನದ್ದು. ದಿನಾಂಕ ನೋಡದೆ ಎರಡನ್ನೂ ಒಂದರ ಪಕ್ಕ ಒಂದು ಇಟ್ಟರೆ, ಬೇಲಿ ಒಂದು ಮೀಟರ್ ಅಡ್ಡಕ್ಕೆ ಸರಿದ ಹಾಗೆ ಕಂಡರೆ, ನೂರು ಚದರ ಮೀಟರ್ ಜಾಗ ಯಾರದ್ದೆಂದು ತಿಳಿಯದೆ ಉಳಿಯುತ್ತದೆ. ಅಂದರೆ ಹತ್ತಿರ ಹತ್ತಿರ ಎರಡೂವರೆ ಸೆಂಟ್ಸ್. ಹೆದ್ದಾರಿ ಬದಿಯಲ್ಲಿ ಎರಡೂವರೆ ಸೆಂಟ್ಸಿಗೆ ಏನು ಬೆಲೆ ಇದೆ ಅಂತ ತಮಗೆ ನಾನು ಹೇಳಬೇಕಾಗಿಲ್ಲ. ಅಣ್ಣ ತಮ್ಮಂದಿರು ಕೋರ್ಟಿಗೆ ಹೋಗಲು ಅದರ ಕಾಲು ಭಾಗ ಸಾಕು.

ಆಸ್ಟ್ರೇಲಿಯಾ ಇದನ್ನು ಎದುರಿಸಿ ದಾರಿ ಕಂಡುಕೊಂಡ ದೇಶ. ಅದು ವರ್ಷಕ್ಕೆ ಸುಮಾರು 7 ಸೆಂಟಿಮೀಟರ್ ಸರಿಯುತ್ತದೆ. 1994ರ ಲೆಕ್ಕದಲ್ಲಿದ್ದ ಇಡೀ ದೇಶದ ಅಂಕಿಗಳನ್ನು 2020ರ ಲೆಕ್ಕಕ್ಕೆ ತಂದಾಗ 1.8 ಮೀಟರ್ ವ್ಯತ್ಯಾಸ ಬಂತು. ಅವರು ಅದನ್ನು ಮುಚ್ಚಿಡಲಿಲ್ಲ. ಹಳೇ ಚೌಕಟ್ಟು ಯಾವುದು, ಹೊಸದು ಯಾವುದು, ಒಂದರಿಂದ ಇನ್ನೊಂದಕ್ಕೆ ಹೋಗುವ ಸೂತ್ರ ಯಾವುದು ಅಂತ ಎಲ್ಲರಿಗೂ ಕಾಣುವಂತೆ ಪ್ರಕಟಿಸಿದರು. ನಮ್ಮಲ್ಲೂ ಆಗಬೇಕಾದದ್ದು ಅಷ್ಟೇ. ನಾನು ಮೇಷ್ಟ್ರಾಗಿದ್ದಾಗ ಯೂನಿಟ್ ಬರೆಯದ ಉತ್ತರಕ್ಕೆ ಪೂರ್ತಿ ಮಾರ್ಕು ಕೊಡುತ್ತಿರಲಿಲ್ಲ. ಚೌಕಟ್ಟಿನ ಹೆಸರು, ದಿನಾಂಕ ಇಲ್ಲದ ಅಕ್ಷಾಂಶ ರೇಖಾಂಶವೂ ಹಾಗೇ, ಅರ್ಧ ಉತ್ತರ.

ನಮ್ಮ ಕಡೆ ಇದರ ಮೇಲೆ ಇನ್ನೊಂದು ಗಂಟು ಇದೆ. ಹಳೇ ದಕ್ಷಿಣ ಕನ್ನಡ ಜಿಲ್ಲೆಯ ಜನರಿಗೆ ಕುಮ್ಕಿ ಅಂದರೆ ಗೊತ್ತು. ವರ್ಗ ಜಾಗದ (ಪಟ್ಟಾ ಜಾಗದ) ಗಡಿಯಿಂದ 100 ಗಜದ ಒಳಗಿನ ಸರಕಾರಿ ಜಾಗದಲ್ಲಿ ಸೊಪ್ಪು ಸೌದೆ ತರುವ ಹಕ್ಕು ಅದು. ಆ ನೂರು ಗಜ ಶುರುವಾಗುವುದು ವರ್ಗದ ಗಡಿಯಿಂದ. ಅಂದರೆ ಗಡಿ ನಕ್ಷೆಯಲ್ಲಿ ಅತ್ತಿತ್ತ ಆದರೆ ಕುಮ್ಕಿಯೂ ಜೊತೆಗೇ ಅತ್ತಿತ್ತ ಆಗುತ್ತದೆ. ಒಂದು ಅಳತೆಗೆ ಇನ್ನೊಂದು ಅಳತೆ ಒರಗಿ ನಿಂತಿರುವ ಊರು ನಮ್ಮದು. ಬುಡ ಗಟ್ಟಿ ಇರಲೇಬೇಕು.

ಇನ್ನು ಎತ್ತರದ ವಿಷಯ. ಇದು ನನ್ನನ್ನು ಜಾಸ್ತಿ ಕಾಡುತ್ತದೆ, ಇದರ ಬಗ್ಗೆ ಯಾರೂ ಮಾತಾಡುವುದೂ ಇಲ್ಲ.

ಕಣ್ವತೀರ್ಥದ ಕಡಲ ತೀರಕ್ಕೆ ಹೋಗಿ, ಅಲೆ ಕಾಲಿಗೆ ತಾಗುವಲ್ಲಿ ನಿಂತು, ಉಪಗ್ರಹದ ಎತ್ತರವನ್ನು ತಿದ್ದದೆ ತೋರಿಸುವ ಆ್ಯಪ್ ತೆರೆದು ನೋಡಿ. ಅದು ಸೊನ್ನೆ ತೋರಿಸುವುದಿಲ್ಲ. ಮೈನಸ್ ಎಂಬತ್ತು, ತೊಂಬತ್ತು ಮೀಟರ್ ಅಂತ ತೋರಿಸುತ್ತದೆ. ನೋಡಿದವರು ಮೊಬೈಲ್ ಹಾಳಾಯಿತು ಅಂತ ತಿಳಿಯುತ್ತಾರೆ. ಮೊಬೈಲ್ ಸರಿಯಾಗಿಯೇ ಇದೆ. ಉಪಗ್ರಹದ ಲೆಕ್ಕ ಭೂಮಿಯನ್ನು ನಯವಾದ, ಸ್ವಲ್ಪ ಚಪ್ಪಟೆಯಾದ ಗೋಳ ಅಂತ ತಿಳಿದು ಅದರ ಮೇಲಿನಿಂದ ಎತ್ತರ ಅಳೆಯುತ್ತದೆ. ನಿಜವಾದ ಕಡಲ ಮಟ್ಟ ಗುರುತ್ವಾಕರ್ಷಣೆ ಎಳೆದ ಹಾಗೆ ಏರಿಳಿಯುತ್ತದೆ. ಜಗತ್ತಿನಲ್ಲೇ ಅತಿ ದೊಡ್ಡ ತಗ್ಗು ಇರುವುದು ಶ್ರೀಲಂಕಾದ ದಕ್ಷಿಣಕ್ಕೆ ಹಿಂದೂ ಮಹಾಸಾಗರದಲ್ಲಿ, ನೂರು ಮೀಟರಿಗಿಂತ ಆಳ. ನಮ್ಮ ಕರಾವಳಿ ಅದರ ಇಳಿಜಾರಿನಲ್ಲಿದೆ. ಹಾಗಾಗಿ ಎತ್ತರ ಅಂತ ಬರೀ ಒಂದು ಅಂಕಿ ಕೊಟ್ಟರೆ ನಮ್ಮೂರಿನಲ್ಲಿ ಅದಕ್ಕೆ ಎಂಬತ್ತು, ತೊಂಬತ್ತು ಮೀಟರ್ ವ್ಯತ್ಯಾಸದ ಎರಡು ಅರ್ಥ ಇರುತ್ತದೆ.

ಭಾರತದ ಹಳೇ ಎತ್ತರದ ಸೊನ್ನೆಯನ್ನು 1909ರಲ್ಲಿ ಒಂಬತ್ತು ಬಂದರುಗಳ ಕಡಲ ಮಟ್ಟ ನೋಡಿ ಗೊತ್ತುಮಾಡಿದ್ದರು. ಅದರಲ್ಲಿ ನಮಗೆ ಉತ್ತರದ ಕಾರವಾರವೂ ದಕ್ಷಿಣದ ಬೇಪೂರೂ ಸೇರಿದ್ದವು. ಕಾಸರಗೋಡು ಅವೆರಡರ ನಡುವೆ. ನೂರು ವರ್ಷಕ್ಕಿಂತ ಹಿಂದಿನ ಕಡಲು ಅದು. ಉಪಗ್ರಹಗಳು ಅಳೆದ ಪ್ರಕಾರ 1993ರಿಂದ ಈಚೆಗೆ ಜಗತ್ತಿನ ಕಡಲ ಮಟ್ಟ ಸರಾಸರಿ ಸುಮಾರು 10 ಸೆಂಟಿಮೀಟರ್ ಏರಿದೆ. ಮೂವತ್ತು ವರ್ಷಕ್ಕೆ ಹತ್ತು ಸೆಂಟಿಮೀಟರ್, ಅಂದರೆ ವರ್ಷಕ್ಕೆ ಮೂರು ಮಿಲಿಮೀಟರ್ ಚಿಲ್ಲರೆ. ಇಷ್ಟು ಚಿಕ್ಕ ಅಂಕಿಯನ್ನು ಹಿಡಿಯಬೇಕಾದರೆ ಅಳೆಯುವ ಚೌಕಟ್ಟು ಅದಕ್ಕಿಂತ ಗಟ್ಟಿ ಇರಬೇಕಲ್ವಾ? ಚೌಕಟ್ಟೇ ವರ್ಷಕ್ಕೆ ಎರಡು ಮಿಲಿಮೀಟರ್ ಜಾರಿದರೆ ಕಡಲು ಏರಿದ್ದೋ ಅಳತೆ ಇಳಿದದ್ದೋ ಯಾರಿಗೂ ಗೊತ್ತಾಗುವುದಿಲ್ಲ. ಇದಕ್ಕಾಗಿ ವಿಜ್ಞಾನಿಗಳು ಇಟ್ಟುಕೊಂಡ ಗುರಿ ಒಂದು ಮಿಲಿಮೀಟರ್ ನಿಖರತೆ, ವರ್ಷಕ್ಕೆ 0.1 ಮಿಲಿಮೀಟರಿಗಿಂತ ಜಾಸ್ತಿ ಜಾರದ ಸ್ಥಿರತೆ. ಉಪ್ಪಳದ ಮುಸೋಡಿಯಲ್ಲಿ ಮಳೆಗಾಲ ಬಂತು ಅಂದರೆ ತೆಂಗಿನ ಮರ ಕಡಲಿಗೆ ಬೀಳುತ್ತದೆ, ಮನೆಯವರು ಗಂಟುಮೂಟೆ ಕಟ್ಟುತ್ತಾರೆ. ಅಲ್ಲಿ ಕಡಲು ಏರುತ್ತಿದೆಯೋ, ಮರಳು ಸರಿಯುತ್ತಿದೆಯೋ, ನೆಲ ಕುಸಿಯುತ್ತಿದೆಯೋ, ಯಾವುದು ಎಷ್ಟು ಎಂದು ಬೇರೆ ಬೇರೆಯಾಗಿ ತಿಳಿದರೆ ಮಾತ್ರ ಎಲ್ಲಿ ಕಲ್ಲು ಹಾಕಬೇಕು, ಯಾರನ್ನು ಎಲ್ಲಿಗೆ ಸ್ಥಳಾಂತರಿಸಬೇಕು ಅಂತ ಹೇಳಲು ಆಗುತ್ತದೆ.

2004ರ ಭೂಕಂಪದಲ್ಲಿ ಗ್ರೇಟ್ ನಿಕೋಬಾರಿನ ಇಂದಿರಾ ಪಾಯಿಂಟ್ ನಾಲ್ಕು ಮೀಟರಿಗಿಂತ ಜಾಸ್ತಿ ಕುಸಿಯಿತು. ನೆಲವೇ ಇಳಿದಾಗ ಆ ನೆಲದ ಮೇಲಿನ ಕಲ್ಲನ್ನು ನಂಬಿ ಅಳೆಯಲು ಆಗುವುದಿಲ್ಲ. ಕುಸಿತ ಎಷ್ಟು ಎಂದು ಗೊತ್ತಾಗುವುದು ಆ ದ್ವೀಪದ ಹೊರಗಿನ, ಇಡೀ ಭೂಮಿಯ ಚೌಕಟ್ಟಿನಿಂದ.

ಗಡಿಯಲ್ಲಿ ಎತ್ತರದ ಲೆಕ್ಕ ಹೊಂದದಿದ್ದರೆ ಏನಾಗುತ್ತದೆ ಎಂಬುದಕ್ಕೆ ಜರ್ಮನಿ ಮತ್ತು ಸ್ವಿಟ್ಜರ್ಲೆಂಡ್ ನಡುವಿನ ಲಾಫೆನ್‌ಬರ್ಗ್ ಸೇತುವೆ ನೋಡಿ. ರೈನ್ ನದಿಯ ಎರಡೂ ದಡದಿಂದ ಸೇತುವೆ ಕಟ್ಟುತ್ತಾ ಬಂದರು. ಜರ್ಮನಿಯವರ ಸೊನ್ನೆ ಉತ್ತರ ಸಮುದ್ರದ್ದು, ಸ್ವಿಸ್‌ನವರ ಸೊನ್ನೆ ಮೆಡಿಟರೇನಿಯನ್ ಸಮುದ್ರದ್ದು. ಎರಡಕ್ಕೂ 27 ಸೆಂಟಿಮೀಟರ್ ವ್ಯತ್ಯಾಸ. ಇದು ಇಂಜಿನಿಯರುಗಳಿಗೆ ಮೊದಲೇ ಗೊತ್ತಿತ್ತು, ತಿದ್ದುಪಡಿಯನ್ನೂ ಮಾಡಿದರು. ಆದರೆ ಕೂಡಿಸಬೇಕಾದಲ್ಲಿ ಕಳೆದರು. 27 ಹೋಗಿ 54 ಸೆಂಟಿಮೀಟರ್ ಆಯಿತು. 2003ರಲ್ಲಿ ಕಟ್ಟುವಾಗ ಗೊತ್ತಾಗಿ ಒಂದು ಕಡೆಯನ್ನು ತಗ್ಗಿಸಬೇಕಾಯಿತು. ಅಷ್ಟು ಶಿಸ್ತಿನ ದೇಶಗಳಲ್ಲಿ, ಗೊತ್ತಿದ್ದೂ ಹೀಗಾಯಿತು. ಎರಡು ಸೊನ್ನೆ ಇದ್ದಷ್ಟು ದಿನ ಈ ಅಪಾಯ ತಪ್ಪಿದ್ದಲ್ಲ.

ನಮ್ಮ ಪಯಸ್ವಿನಿಯನ್ನು ತೆಗೆದುಕೊಳ್ಳಿ. ಕೊಡಗಿನ ಬೆಟ್ಟದಲ್ಲಿ ಹುಟ್ಟಿ, ಸುಳ್ಯದ ಮೂಲಕ ಇಳಿದು, ಗಡಿ ದಾಟಿ, ಕಾಸರಗೋಡಿನ ಹತ್ತಿರ ಚಂದ್ರಗಿರಿಯಾಗಿ ಕಡಲು ಸೇರುವ ಹೊಳೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಕಡೆ ಗುಡ್ಡ ಕುಸಿದಾಗ ಮರಗಳೂ ಕೆಸರೂ ಇದೇ ಹೊಳೆಯಲ್ಲಿ ಬಂದವು. ಮೇಲಿನ ನೀರಿನ ಮಟ್ಟ ಒಂದು ರಾಜ್ಯದ ಲೆಕ್ಕದಲ್ಲಿ, ಕೆಳಗಿನ ದಡದ ಎತ್ತರ ಇನ್ನೊಂದು ರಾಜ್ಯದ ಲೆಕ್ಕದಲ್ಲಿ ಇದ್ದು, ಎರಡಕ್ಕೂ ಸೊನ್ನೆ ಒಂದೇ ಅಂತ ಯಾರೂ ಖಾತ್ರಿ ಮಾಡದಿದ್ದರೆ, ನೆರೆ ಯಾರ ಮನೆ ಮೆಟ್ಟಿಲಿಗೆ ಬರುತ್ತದೆ ಅಂತ ಮೊದಲೇ ಹೇಳುವುದು ಹೇಗೆ? ಎರಡೂ ಕಡೆಯ ಮಾಪಕಗಳನ್ನು ಒಂದೇ ಎತ್ತರದ ಲೆಕ್ಕಕ್ಕೆ ಕಟ್ಟುವುದು ದೊಡ್ಡ ಖರ್ಚಿನ ಕೆಲಸವಲ್ಲ. ಒಂದು ಬೇಸಿಗೆ ಸಾಕು.

ಕೆಲವರು ನನ್ನ ಹತ್ತಿರ ಕೇಳಿದ್ದಾರೆ: ಜಗತ್ತಿನ ಚೌಕಟ್ಟು ಅಂದರೆ ನಮ್ಮ ಜಾಗದ ಲೆಕ್ಕ ಹೊರಗಿನವರ ಕೈಗೆ ಹೋಗುತ್ತದಾ? ಇಲ್ಲ. ಚೌಕಟ್ಟು ಎಂಬುದು ಎಲ್ಲಿಂದ, ಯಾವ ದಿಕ್ಕಿಗೆ, ಯಾವ ದಿನಕ್ಕೆ ಅಳೆಯುವುದು ಎಂಬ ಒಪ್ಪಂದ ಮಾತ್ರ. ಯಾರ ಜಾಗ ಯಾರದ್ದು ಎಂಬುದು ನಮ್ಮ ತಂಡಪೇರಿನಲ್ಲೂ (ಕೇರಳದ ಜಾಗದ ಖಾತೆ) ಪಹಣಿಯಲ್ಲೂ ಇರುತ್ತದೆ, ಅಲ್ಲೇ ಉಳಿಯುತ್ತದೆ. ಇನ್ನು ಕೆಲವರಿಗೆ ಕಾಸರಗೋಡು ಗಡಿ ಅಂದ ಕೂಡಲೇ, ಕಾಸರಗೋಡು ಕೇರಳಕ್ಕೆ ಸೇರಿದ 1956 ನೆನಪಾಗುತ್ತದೆ. ಆ ನೋವು ನನಗೂ ಇದೆ. ಆದರೆ ಈ ಪತ್ರದಲ್ಲಿ ನಾನು ಗಡಿ ಎಲ್ಲಿರಬೇಕು ಅಂತ ಕೇಳುತ್ತಿಲ್ಲ. ಈಗ ಇರುವ ಗಡಿ ಕಲ್ಲಿಗೆ ಎರಡೂ ಸರಕಾರಗಳು ಒಂದೇ ಅಂಕಿ ಬರೆಯಲಿ ಅಂತ ಕೇಳುತ್ತಿದ್ದೇನೆ.

ತಲಪಾಡಿ, ಸಾರಡ್ಕ, ಜಾಲ್ಸೂರು, ಪಾಣತ್ತೂರು. ಈ ನಾಲ್ಕು ಕಡೆ ನಾವು ದಿನವೂ ದಾಟುತ್ತೇವೆ. ಆಸ್ಪತ್ರೆಗೆ ಮಂಗಳೂರು, ಅಡಿಕೆ ಮಾರಲು ಪುತ್ತೂರು, ಕಚೇರಿ ಕೆಲಸಕ್ಕೆ ಕಾಸರಗೋಡು. ಒಂದೇ ಮನೆಯವರ ತೋಟ ಎರಡು ರಾಜ್ಯದಲ್ಲಿ ಇರುವುದೂ ಉಂಟು. ಎರಡೂ ಸರ್ವೆ ಇಲಾಖೆಯವರು ಒಟ್ಟಿಗೆ ನಿಂತು, ಎರಡು ರೋವರನ್ನು ಒಂದೇ ಕಲ್ಲಿನ ಮೇಲೆ ಇಟ್ಟು ನೋಡಿ. ಒಂದು ಕೇರಳದ ಜಾಲದಿಂದ ತಿದ್ದುಪಡಿ ತೆಗೆದುಕೊಳ್ಳಲಿ, ಇನ್ನೊಂದು ಆಚೆಯ ಜಾಲದಿಂದ. ಅಂಕಿ ಒಂದೇ ಬಂದರೆ ಪ್ರಕಟಿಸಿ, ಜನರಿಗೆ ಧೈರ್ಯ ಬರುತ್ತದೆ. ಬೇರೆ ಬಂದರೂ ಪ್ರಕಟಿಸಿ, ಎಷ್ಟು ಬೇರೆ, ಯಾವ ಸೂತ್ರದಿಂದ ಸರಿಮಾಡಬಹುದು ಅಂತ ಹೇಳಿ. ಗಡಿ ನಕ್ಷೆಗಳು ಒಂದರ ಮೇಲೆ ಒಂದು ಹತ್ತಿ ಕೂತರೆ, ಇಲ್ಲವೇ ನಡುವೆ ಯಾರಿಗೂ ಸೇರದ ಪಟ್ಟಿ ಉಳಿದರೆ, ಅದನ್ನು ಸರಿಮಾಡಲು ಇವತ್ತಿನ ಹತ್ತು ಪಾಲು ಖರ್ಚು ನಾಳೆ ಆಗುತ್ತದೆ. ಅಷ್ಟರೊಳಗೆ ಸಾಲ ಕೊಡುವ ಬ್ಯಾಂಕಿನವರು, ರಿಜಿಸ್ಟ್ರಿ ಮಾಡುವವರು, ಪರಿಹಾರ ಕೊಡುವ ಹೆದ್ದಾರಿಯವರು ಎಲ್ಲರೂ ಅದೇ ನಕ್ಷೆ ನೋಡಿ ಕೆಲಸ ಮುಗಿಸಿರುತ್ತಾರೆ.

ಸರ್ವೆ ಆಫ್ ಇಂಡಿಯಾದವರಲ್ಲಿ ಬೇರೆಯೇ ಒಂದು ಮಾತು. ತಮ್ಮದು 1767ರಲ್ಲಿ ಹುಟ್ಟಿದ ಇಲಾಖೆ. ಜಗತ್ತಿನಲ್ಲಿ ಭೂಮಿ ಅಳೆಯುವ ಶಾಸ್ತ್ರಕ್ಕೆ ಭಾರತದ ನೆಲ ಕೊಟ್ಟಷ್ಟನ್ನು ಕೊಟ್ಟ ದೇಶಗಳು ಕಡಿಮೆ. 2015ರ ಫೆಬ್ರವರಿ 26ರಂದು ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಜಾಗತಿಕ ಜಿಯೋಡೆಟಿಕ್ (ಭೂಮಿ ಅಳೆಯುವ) ಚೌಕಟ್ಟಿನ ಬಗ್ಗೆ ನಿರ್ಣಯ ಮಾಡಿತು. ಅದನ್ನು ಮುಂದೆ ನಿಂತು ನಡೆಸಿದ್ದು ಕಡಲು ಏರಿದರೆ ಪೆಟ್ಟು ತಿನ್ನುವ ದ್ವೀಪಗಳ ದೇಶ ಫಿಜಿ. ದೇಶಗಳು ತಮ್ಮ ಸ್ಟೇಷನ್‌ಗಳ ದತ್ತಾಂಶವನ್ನು ಹಂಚಿಕೊಳ್ಳಬೇಕು, ನೆಲದ ಮೇಲಿನ ವ್ಯವಸ್ಥೆಯನ್ನು ಚೆನ್ನಾಗಿ ಇಟ್ಟುಕೊಳ್ಳಬೇಕು ಎಂಬುದು ಅದರ ಸಾರ. 2023ರಲ್ಲಿ ಜರ್ಮನಿಯ ಬಾನ್‌ನಲ್ಲಿ ಇದಕ್ಕಾಗಿಯೇ ವಿಶ್ವಸಂಸ್ಥೆಯ ಕೇಂದ್ರ ಶುರುವಾಯಿತು. ಆದರೂ ಕ್ವೇಸಾರ್ ಕೇಳುವ ದೂರದರ್ಶಕಗಳ, ಲೇಸರ್ ಬಿಡುವ ಸ್ಟೇಷನ್‌ಗಳ ಖರ್ಚನ್ನು ಹೊರುತ್ತಿರುವುದು ಕೆಲವೇ ದೇಶಗಳು. ಆ ಸ್ಟೇಷನ್‌ಗಳು ಭೂಮಿಯ ಉತ್ತರಾರ್ಧಗೋಳದಲ್ಲಿ ಜಾಸ್ತಿ, ದಕ್ಷಿಣದಲ್ಲಿ ಕಡಿಮೆ. ಯಾರೋ ಒಬ್ಬರು ದುಡ್ಡಿಲ್ಲ ಅಂತ ಬಾಗಿಲು ಹಾಕಿದರೆ ಅದರ ಪೆಟ್ಟು ನಿಧಾನವಾಗಿ ಎಲ್ಲರ ಅಳತೆಗೂ ತಾಗುತ್ತದೆ. 140 ಕೋಟಿ ಜನರ, ದಿನವೂ ಮೊಬೈಲಿನಲ್ಲಿ ದಾರಿ ಹುಡುಕುವ ದೇಶ ನಮ್ಮದು. ಸ್ವಂತ ನಾವಿಕ್ ಇದೆ, ಚಂದ್ರನ ಮೇಲೆ ಇಳಿದ ಅನುಭವ ಇದೆ. ಈ ಭಾರ ಹೊರುವುದರಲ್ಲಿ ಭಾರತದ ಪಾಲು ಈಗಿನದಕ್ಕಿಂತ ದೊಡ್ಡದಾಗಬೇಕು. 2022ರ ರಾಷ್ಟ್ರೀಯ ಜಿಯೋಸ್ಪೇಷಿಯಲ್ (ನಕ್ಷೆ ಮತ್ತು ಸ್ಥಳ ದತ್ತಾಂಶದ) ನೀತಿ ಬಂದ ಮೇಲೆ ಇದಕ್ಕೆ ಅಡ್ಡಿ ಇರಬಾರದು.

ಕಂದಾಯ ಸಚಿವರಲ್ಲಿ ನನ್ನ ಕೋರಿಕೆ ಚಿಕ್ಕದು. ಪ್ರತಿ ಡಿಜಿಟಲ್ ಸ್ಕೆಚ್ಚಿನ ಕೆಳಗೆ ಮೂರು ಸಾಲು ಅಚ್ಚಾಗಲಿ. ಅಂಕಿಗಳು ಯಾವ ಚೌಕಟ್ಟಿನವು, ಯಾವ ದಿನಾಂಕಕ್ಕೆ ಲೆಕ್ಕ ಹಾಕಿದ್ದು, ಎತ್ತರದ ಸೊನ್ನೆ ಯಾವುದು. ಮಂಜೇಶ್ವರ, ಕಾಸರಗೋಡು ತಾಲೂಕುಗಳಲ್ಲಿ ಆ ಮೂರು ಸಾಲು ಮಲಯಾಳದ ಜೊತೆ ಕನ್ನಡದಲ್ಲೂ ಇರಲಿ. ನಾವು ಇಲ್ಲಿ ಭಾಷಾ ಅಲ್ಪಸಂಖ್ಯಾತರು. ನಮ್ಮ ಜಾಗದ ಕಾಗದವನ್ನು ನಾವೇ ಓದಿಕೊಳ್ಳಲು ಆಗಬೇಕು. ಕರಡು ನಕ್ಷೆ ನೋಡಿ ಆಕ್ಷೇಪ ಹಾಕಲು ಕೊಡುವ ದಿನಗಳು, ಅದನ್ನು ಓದಿ ಹೇಳುವವರನ್ನು ಹುಡುಕುವುದರಲ್ಲೇ ಮುಗಿದುಹೋಗಬಾರದು.

ಸರ್ವೆ ಇಲಾಖೆಯವರಲ್ಲಿ ಇನ್ನೂ ಒಂದು ಕೋರಿಕೆ. ಹಳೇ ಕಲ್ಲುಗಳನ್ನು ಕಿತ್ತು ಎಸೆಯಬೇಡಿ. ಮೂರು ಗ್ರಾಮ ಸೇರುವಲ್ಲಿ ನೆಟ್ಟ ಕಲ್ಲುಗಳು ಹೆಚ್ಚಿನ ಕಡೆ ಈಗಲೂ ಇವೆ, ಕಾಡು ಬೆಳೆದು ಮುಚ್ಚಿರುತ್ತದೆ ಅಷ್ಟೇ. ಅವುಗಳ ಮೇಲೆ ರೋವರ್ ಇಟ್ಟು ಹೊಸ ಅಂಕಿ ಬರೆದಿಟ್ಟರೆ, ಹಳೇ ಸ್ಕೆಚ್ಚಿನಿಂದ ಹೊಸ ನಕ್ಷೆಗೆ ಬರುವ ದಾರಿ ಉಳಿಯುತ್ತದೆ. ಹಳೇ ಆಧಾರ ಪತ್ರ ಹಿಡಿದುಕೊಂಡು ಬರುವ ಅಜ್ಜನಿಗೂ ಉತ್ತರ ಕೊಡಲು ಆಗುತ್ತದೆ. ನಮ್ಮ ಹೈಸ್ಕೂಲು, ಕಾಲೇಜುಗಳ ಮಕ್ಕಳನ್ನು ಈ ಕೆಲಸಕ್ಕೆ ಕರೆದುಕೊಂಡು ಹೋಗಿ. ಯಾವ ಕಲ್ಲು ಎಲ್ಲಿದೆ ಅಂತ ಹುಡುಕಿಕೊಡುವುದಕ್ಕೆ ಊರಿನ ಹಿರಿಯರೂ ಬರುತ್ತಾರೆ. ತ್ರಿಕೋನಮಿತಿ ಯಾಕೆ ಕಲಿಯಬೇಕು ಅಂತ ಮಕ್ಕಳು ಪ್ರತಿ ವರ್ಷ ನನ್ನ ಹತ್ತಿರ ಕೇಳುತ್ತಿದ್ದರು, ಅವರಿಗೂ ಅಲ್ಲಿ ಉತ್ತರ ಸಿಗಲಿ.

ಈ ಪತ್ರಕ್ಕೆ ಉತ್ತರ ಬರೆಯುವುದಾದರೆ ನನ್ನ ಹೆಸರಿಗೆ ಬೇಡ. ಮುಂದಿನ ಸರ್ವೆ ಸಭೆಯಲ್ಲಿ ಎಲ್ಲರೆದುರು ಓದಿ ಹೇಳುವಂತೆ, ಕನ್ನಡ ಮತ್ತು ಮಲಯಾಳ ಎರಡರಲ್ಲೂ ಬರೆದು ಗಡಿಯ ಪಂಚಾಯತುಗಳಿಗೆ ಕಳಿಸಿಕೊಡಿ. ಎರಡೂ ರಾಜ್ಯದವರು ಸೇರಿ ಕಲ್ಲು ಅಳೆಯುವ ದಿನ ಗೊತ್ತಾದರೆ ಅದನ್ನೂ ತಿಳಿಸಿ. ಊಟದ ವ್ಯವಸ್ಥೆಯನ್ನು ಊರಿನವರು ನೋಡಿಕೊಳ್ಳುತ್ತೇವೆ.

ಗೌರವದಿಂದ,
ಮಂಜೇಶ್ವರ ತಾಲೂಕಿನ ಒಬ್ಬ ನಿವೃತ್ತ ಗಣಿತ ಅಧ್ಯಾಪಕ